ವಿದ್ಯಾರ್ಥಿನಿಯರ ಪ್ರತಿನಿಧಿ ಬಸ್ಸಿನಿಂದ ಇಳಿದದ್ದು

ಬಿ.ಎ. ಎರಡನೆಯ ವರ್ಷದಲ್ಲಿ ನಾನು ವಿದ್ಯಾರ್ಥಿನಿಯರ ಪ್ರತಿನಿಧಿಯಾದೆ. ಚುನಾವಣೆ ಏನೂ ನಡೆಯಲಿಲ್ಲ. ನಮ್ಮ ತರಗತಿಯಲ್ಲಿ ಹುಡುಗಿಯರು ಒಂಬತ್ತೇ ಜನ. ಯಾರು ಪ್ರತಿನಿಧಿ ಆಗುತ್ತೀರಿ ಎಂದು ಇತಿಹಾಸ ಕಲಿಸುವ ಸರ್ ಕೇಳಿದಾಗ ಒಂಬತ್ತೂ ಜನ ತಲೆ ತಗ್ಗಿಸಿ ಡೆಸ್ಕು ನೋಡತೊಡಗಿದೆವು. ಸರ್ ಸ್ವಲ್ಪ ಹೊತ್ತು ಕಾದು, "ಹೋಗ್ಲಿ, ಯಾರ ಅಕ್ಷರ ಚಲೋ ಅದಾವು?" ಎಂದರು. ಎಂಟು ಜನ ನನ್ನ ಕಡೆ ತಿರುಗಿದರು. ಹೀಗೆ ನಾನು ನಾಯಕಿಯಾದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ಕಾಲೇಜು ಇದ್ದದ್ದು ಬ್ಯಾಡಗಿಯಲ್ಲಿ, ನಮ್ಮ ಮನೆ ಕದರಮಂಡಲಗಿಯಲ್ಲಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಸುದ್ದಿ ಹೇಳಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಚಲೋ ಆತು" ಎಂದರು. ಅವ್ವ ಒಳಗಿಂದ, "ಲೀಡರ್ ಆದ್ರ ತಾಟು ತೊಳಿಯೂದು ಯಾರಂತ?" ಎಂದು ಕೇಳಿದಳು. ತಾಟನ್ನು ನಾನೇ ತೊಳೆದೆ.

ಪ್ರತಿನಿಧಿಯ ಕೆಲಸ ಏನೆಂದು ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ. ವಾರ್ಷಿಕ ಸಮ್ಮೇಳನಕ್ಕೆ ರಂಗೋಲಿ ಹಾಕಿಸಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಉಳಿದದ್ದನ್ನು ಕಲಿಯಲೆಂದು ದಸರೆಯ ಹೊತ್ತಿಗೆ ಹಾವೇರಿಯಲ್ಲಿ ಒಂದು ದಿನದ ನಾಯಕತ್ವ ಶಿಬಿರಕ್ಕೆ ಕಳಿಸಿದರು. ಧಾರವಾಡದಿಂದ ಬಂದ ಒಬ್ಬರು ಕೋಟು ಹಾಕಿಕೊಂಡು ಮೂರು ತಾಸು ಮಾತಾಡಿದರು. ನಾಯಕನಾದವನು ಎಲ್ಲರಿಗಿಂತ ಮುಂದೆ ನಡೆಯಬೇಕು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು. ನಿರ್ಧಾರ ಮಾಡಲು ಒಂದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು. ನಾನು ಎಲ್ಲವನ್ನೂ ಬರೆದುಕೊಂಡೆ. ಮಧ್ಯಾಹ್ನ ಉಪ್ಪಿಟ್ಟಿಗೆ ಸಾಲು ಹಚ್ಚಿದಾಗ ನಲವತ್ತು ಜನ ಶಿಬಿರಾರ್ಥಿಗಳೂ ಎಲ್ಲರಿಗಿಂತ ಮುಂದೆ ನಡೆಯಲು ನೋಡಿದರು. ನನಗೆ ತಳ ಹತ್ತಿದ ಉಪ್ಪಿಟ್ಟು ಸಿಕ್ಕಿತು.

ನಾಯಕತ್ವ ತೋರಿಸಲು ನನಗೆ ಒಂದು ಸಮಸ್ಯೆ ಬೇಕಿತ್ತು. ಅದು ದಿನಾ ಮುಂಜಾನೆ ಎಂಟೂವರೆಗೆ ನಮ್ಮೂರ ಮುಂದೆ ಹಾದು ಹೋಗುತ್ತಿತ್ತು. ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಬಸ್ಸು ಅದು. ನಮ್ಮೂರಿಗೆ ಬರುವಷ್ಟರಲ್ಲೇ ತುಂಬಿರುತ್ತಿತ್ತು. ನಾವು ಐದು ಹುಡುಗಿಯರು ಪುಸ್ತಕ ಎದೆಗವುಚಿಕೊಂಡು ನಿಂತಿರುತ್ತಿದ್ದೆವು. ನಮ್ಮ ಹತ್ತಿರ ಇದ್ದದ್ದು ವಿದ್ಯಾರ್ಥಿ ಪಾಸು. ಪಾಸಿನವರಿಗಾಗಿ ಬಸ್ಸು ನಿಲ್ಲಿಸುವುದೆಂದರೆ ಆ ಡ್ರೈವರ್ ಕಂಡಕ್ಟರ್ ಇಬ್ಬರಿಗೂ ದಂಡದ ಕೆಲಸ. ವಾರದಲ್ಲಿ ಎರಡು ದಿನ ಬಸ್ಸು ನಿಲ್ಲುತ್ತಿತ್ತು. ಎರಡು ದಿನ ಬಹಳ ಮುಂದೆ ಹೋಗಿ ನಿಂತು, ನಾವು ಓಡಿ ಮುಟ್ಟುವಷ್ಟರಲ್ಲಿ ಹೊರಟುಬಿಡುತ್ತಿತ್ತು. ಉಳಿದ ದಿನ ನಿಲ್ಲುವ ನಾಟಕವನ್ನೂ ಮಾಡುತ್ತಿರಲಿಲ್ಲ. ಮುಂದಿನ ಬಸ್ಸು ಹನ್ನೊಂದಕ್ಕೆ. ಅಷ್ಟೊತ್ತಿಗೆ ಎರಡು ಪಿರಿಯಡ್ಡು ಮುಗಿದಿರುತ್ತಿದ್ದವು.

ನಾನು ಒಂದು ನಿಮಿಷದೊಳಗೆ ನಿರ್ಧಾರ ಮಾಡಿ ಮನವಿ ಪತ್ರ ಬರೆದೆ. ಐವರೂ ಸಹಿ ಮಾಡಿದೆವು. ಅಪ್ಪ ಎರಡು ಒತ್ತಕ್ಷರ ತಿದ್ದಿದರು. ಬಸ್ಸಿನ ವ್ಯವಹಾರ ನೋಡುವ ಸಾಹೇಬರೊಬ್ಬರನ್ನು ಹುಡುಕಿಕೊಂಡು ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ಪತ್ರ ಕೊಟ್ಟೆ. ಅವರು ನಮ್ಮನ್ನು ಕೂಡಿಸಿ ಚಹಾ ತರಿಸಿದರು. ಪತ್ರವನ್ನು ಎರಡು ಸಲ ಓದಿ, "ಅಕ್ಷರ ಭಾಳ ಚಂದ ಅದಾವ್ರಿ" ಎಂದು ಮೇಜಿನ ಮೇಲಿನ ತಂತಿಗೆ ಚುಚ್ಚಿದರು. ಆ ತಂತಿಯಲ್ಲಿ ಆಗಲೇ ಒಂದು ಗೇಣು ಕಾಗದಗಳಿದ್ದವು. ನಾವು ಬಹಳ ಸಂತೋಷದಿಂದ ಮನೆಗೆ ಬಂದೆವು. ಮರುದಿನ ಬಸ್ಸು ನಿಲ್ಲಲಿಲ್ಲ. ಅದರ ಮರುದಿನ ಹಾದು ಹೋಗುವಾಗ ಕಂಡಕ್ಟರ್ ಕಿಟಕಿಯಿಂದ ನಮಗೆ ಕೈ ಬೀಸಿದ. ಮನವಿ ಮುಟ್ಟಿದೆ ಎಂದು ಅದರಿಂದ ಗೊತ್ತಾಯಿತು.

ಸಂಕ್ರಾಂತಿಯ ಸುಮಾರಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ ಜೋರಾಯಿತು. ಆಗ ನಮ್ಮೂರಿನ ಹದಿನೈದು ಹೆಂಗಸರು ಅಲ್ಲಿಗೆ ಕೂಲಿಗೆ ಹೋಗತೊಡಗಿದರು. ಒಣಮೆಣಸಿನಕಾಯಿಯ ತೊಟ್ಟು ತೆಗೆಯುವ ಕೆಲಸ. ನಮ್ಮ ಕಡೆ ಅದಕ್ಕೆ ತುಂಬು ಬಿಡಿಸುವುದು ಅನ್ನುತ್ತಾರೆ. ಆ ಗುಂಪಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಇದ್ದಳು. ಎಲ್ಲರೂ ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದರು. ಕುಳ್ಳಗಿದ್ದಳು. ದನಿ ಸಣ್ಣದು. ಎದುರಿಗೆ ನಿಂತವರ ಮುಖ ನೋಡಿ ಮಾತಾಡುವ ರೂಢಿಯೇ ಆಕೆಗಿರಲಿಲ್ಲ. ಮಾತಾಡುವಾಗ ಯಾವಾಗಲೂ ಬೇರೆ ಏನನ್ನೋ ನೋಡುತ್ತಿದ್ದಳು, ರಸ್ತೆಯನ್ನೋ, ಯಾರದೋ ಕೈಯಲ್ಲಿದ್ದ ಗಂಟನ್ನೋ. ಹೆಂಗಸರು ಟಿಕೀಟು ತೆಗೆಸುವವರಾದ್ದರಿಂದ ಅವರಿಗಾಗಿ ಬಸ್ಸು ನಿಲ್ಲುತ್ತಿತ್ತು. ಆದರೆ ನಮ್ಮನ್ನು ಕಂಡ ದಿನ ಬಸ್ಸು ಅವರನ್ನು ಮಾತ್ರ ಹತ್ತಿಸಿಕೊಂಡು, ನಮ್ಮ ಮುಖದ ಮುಂದೆಯೇ ಬಾಗಿಲು ಹಾಕುತ್ತಿತ್ತು.

ಒಂದು ಮುಂಜಾನೆ ದೊಡ್ಡವ್ವ ರಸ್ತೆ ನೋಡುತ್ತ ನನ್ನನ್ನು ಕೇಳಿದಳು:

"ದಿನಾ ಹಿಂಗ ನಿಂತಿರ್ತೀರಲ್ಲ, ಕಾಲು ನೋಯಂಗಿಲ್ಲ?"

"ಮನವಿ ಕೊಟ್ಟೇವ್ರಿ ದೊಡ್ಡವ್ವ. ಕ್ರಮಾ ತಗೋತಾರ."

"ಹೌದೇನು?" ಎಂದಳು. ನಾವು ಎದೆಗವುಚಿಕೊಂಡಿದ್ದ ಪುಸ್ತಕಗಳನ್ನು ನೋಡಿದಳು. ಆಮೇಲೆ, "ನಿಮ್ಮ ಪುಸ್ತಕಾ ದೂರಿಂದನ ಕಾಣ್ತಾವು ಮಗಳ. ಅದಕ್ಕ ಅವ ನಿಂದ್ರಸೂದಿಲ್ಲ. ಕೊಡ್ರಿ ಇಲ್ಲೆ" ಎಂದಳು.

ಐದೂ ಜನರ ಪುಸ್ತಕಗಳು ಹೆಂಗಸರ ಕೈಚೀಲಗಳಿಗೆ ಹೋದವು. ಅವರ ಬುತ್ತಿಯ ಗಂಟುಗಳು ನಮ್ಮ ಕೈಗೆ ಬಂದವು. ತಲೆಗೆ ಹೊದ್ದುಕೊಳ್ಳಲು ಹಳೆಯ ಸೀರೆಯ ತುಂಡುಗಳನ್ನು ಕೊಟ್ಟರು. ಬಸ್ಸು ಬಂತು. ಇಪ್ಪತ್ತು ಜನ ಕೂಲಿ ಹೆಂಗಸರನ್ನು ಕಂಡು ನಿಂತಿತು. ಹತ್ತಿ, ಅದು ಊರು ದಾಟಿದ ಮೇಲೆ, ನಾವು ಸೆರಗಿನ ಒಳಗಿಂದ ಮೆಲ್ಲಗೆ "ಪಾಸ್" ಎಂದೆವು. ಕಂಡಕ್ಟರ್ ಬಾಯಿ ತೆರೆದು ಮುಚ್ಚಿದ. ಆತ ಕೆಟ್ಟ ಮನುಷ್ಯನಲ್ಲ. ಬಸ್ಸು ತುಂಬಿ ತಡವಾದರೆ ಬೈಸಿಕೊಳ್ಳುತ್ತಿದ್ದವನು ಆತನೇ ಎಂದು ಆಮೇಲೆ ತಿಳಿಯಿತು.

ಹದಿನೈದು ದಿನ ಹೀಗೆ ನಡೆಯಿತು. ಯೋಜನೆ ನನ್ನದೇ ಎಂದು ಕಾಲೇಜಿನಲ್ಲಿ ನಾನು ಯಾರಿಗೂ ಹೇಳಲಿಲ್ಲ. ನನ್ನದಲ್ಲ ಎಂದೂ ಹೇಳಲಿಲ್ಲ.

ಆ ದಿನಗಳಲ್ಲಿ ದೊಡ್ಡವ್ವ ಏನು ಮಾಡುತ್ತಾಳೆಂದು ನೋಡುವುದು ನನಗೆ ರೂಢಿಯಾಯಿತು. ನೋಡಲು ಹೆಚ್ಚೇನೂ ಇರಲಿಲ್ಲ. ಬಸ್ಸು ಬಂದಾಗ ಆಕೆ ಬಾಗಿಲ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಹತ್ತುವ ಒಬ್ಬೊಬ್ಬರ ಹೆಗಲನ್ನೂ ಬೆರಳಿಂದ ಮುಟ್ಟಿ ಎಣಿಸುತ್ತಿದ್ದಳು. ಕೊನೆಗೆ ತಾನು ಹತ್ತುತ್ತಿದ್ದಳು. ಹೀಗಾಗಿ ಆಕೆಗೆ ಎಂದೂ ಸೀಟು ಸಿಗುತ್ತಿರಲಿಲ್ಲ. ನಾನು ಮೊದಲೇ ಹತ್ತುತ್ತಿದ್ದೆ. ಮುಂದೆ ನಡೆಯಬೇಕೆಂದು ಹಾವೇರಿಯಲ್ಲಿ ಹೇಳಿದ್ದರಲ್ಲ.

ಹದಿನಾರನೆಯ ದಿನವೋ ಹದಿನೇಳನೆಯ ದಿನವೋ ಇರಬೇಕು, ನನಗೆ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎರಡು ವರ್ಷದಲ್ಲಿ ಆ ಬಸ್ಸಿನಲ್ಲಿ ನನಗೆ ಕಿಟಕಿ ಸಿಕ್ಕದ್ದು ಅದೇ ಮೊದಲು. ತೊಡೆಯ ಮೇಲೆ ದೊಡ್ಡವ್ವನ ಬುತ್ತಿ ಇಟ್ಟುಕೊಂಡು, ತಲೆಯ ಮೇಲೆ ಸೀರೆಯ ತುಂಡು ಎಳೆದುಕೊಂಡು ಕುಳಿತೆ. ಬಸ್ಸಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಊರು ದಾಟಿ ಒಂದು ಫರ್ಲಾಂಗು ಹೋಗಿರಬಹುದು, ಡ್ರೈವರ್ ಬಸ್ಸು ನಿಲ್ಲಿಸಿ ಹಿಂದಕ್ಕೆ ತಿರುಗಿ, "ಪಾಸಿನ ಹುಡುಗೂರನ್ನ ಇಳಸು. ಇಲ್ಲಂದ್ರ ನಾ ಗಾಡಿ ಹೊಡಿಯೂದಿಲ್ಲ" ಎಂದ.

ಕಂಡಕ್ಟರ್ ಮಂದಿಯ ನಡುವೆ ನುಗ್ಗಿ ಬಂದು ಒಬ್ಬೊಬ್ಬರ ಸೆರಗಿನೊಳಗಿನ ಮುಖ ನೋಡಿ ಹುಡುಗಿಯರನ್ನು ಗುರುತಿಸಿದ. "ಇಳೀರಿ, ಇಳೀರಿ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ." ಮೊದಲು ಇಳಿದವಳು ನಮ್ಮ ಓಣಿಯ ಹುಡುಗಿ, ನನ್ನ ಜೊತೆಯವಳು. ಅವಳ ಹಿಂದೆ ಮೂವರು ಇಳಿದರು. ಹಿಂದಿನ ಸಾಲಿನ ಮೂಲೆಯಲ್ಲಿದ್ದ ನನ್ನನ್ನು ಆತ ನೋಡಲಿಲ್ಲ.

ನಾನು ಇಳಿಯಲಿಲ್ಲ.

ಅಂದು ಪರೀಕ್ಷೆ ಇತ್ತು, ಅದಕ್ಕೇ ಇಳಿಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಇರಲಿಲ್ಲ. ಮೊದಲ ಪಿರಿಯಡ್ಡಿನ ಸರ್ ರಜೆಯ ಮೇಲಿದ್ದರು, ಅದೂ ನನಗೆ ಗೊತ್ತಿತ್ತು. ಕಿಟಕಿಯಿಂದ ತಂಪು ಗಾಳಿ ಬರುತ್ತಿತ್ತು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಕೆಳಗೆ ನಿಂತ ನಾಲ್ವರನ್ನು ನೋಡಿದಳು. ಆಮೇಲೆ ಕಂಡಕ್ಟರನ ಟಿಕೀಟಿನ ಪೆಟ್ಟಿಗೆ ನೋಡುತ್ತ ಹೇಳಿದಳು: "ಹಂಗಾದ್ರ ನಾವೂ ಇಳೀತೀವಪಾ."

"ನಿಮಗ್ಯಾರು ಇಳೀ ಅಂದ್ರು? ನೀವು ಟಿಕೀಟಿನವರು."

"ಇನ್ನೂ ತಗೊಂಡಿಲ್ಲಲ್ಲ" ಎಂದಳು. ಒಳಗಿನವರಿಗೆ, "ಏ ಯವ್ವಾ, ಇಳೀರಿ ಎಲ್ಲಾರೂ" ಎಂದಳು. ದನಿ ಏರಿಸಲಿಲ್ಲ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಇಳಿದರು. ಸೀಟು ಸಿಕ್ಕವರು ಗೊಣಗುತ್ತ ಇಳಿದರು, ಆದರೆ ಇಳಿದರು. ಆಕೆ ಬಾಗಿಲ ಪಕ್ಕ ನಿಂತು ಹೆಗಲು ಮುಟ್ಟಿ ಎಣಿಸಿದಳು. ಮೊದಲೇ ಇಳಿದಿದ್ದ ಹುಡುಗಿಯರನ್ನೂ ಸೇರಿಸಿ ಎಣಿಸಿದಳು. ಅರ್ಧ ಖಾಲಿಯಾದ ಬಸ್ಸಿನಲ್ಲಿ ನನಗೆ ಆ ಎಣಿಕೆ ಕೇಳಿಸುತ್ತಿತ್ತು. ಹದಿನೆಂಟಕ್ಕೆ ನಿಂತಿತು; ಆಕೆಯನ್ನು ಬಿಟ್ಟು ಹತ್ತೊಂಬತ್ತು ಆಗಬೇಕಿತ್ತು.

"ಒಬ್ಬಾಕಿ ಕಡಿಮಿ ಅದಾಳ" ಎಂದು ಆಕೆ ಮತ್ತೆ ಬಸ್ಸು ಹತ್ತಿದಳು.

ಹಿಂದಿನ ಸಾಲಿಗೆ ಬಂದು ನನ್ನ ಎದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನು ಪರೀಕ್ಷೆಯ ಮಾತು ಆಡುತ್ತಿದ್ದೆ, ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಆಕೆ ನನ್ನ ತೊಡೆಯ ಕಡೆ ನೋಡುತ್ತ, "ಆ ಬುತ್ತಿ ನಂದೈತಿ ಮಗಳ. ಕೊಡು, ಹೋಗ್ತೇನಿ" ಎಂದಳು. ಇಳಿ ಎನ್ನಲಿಲ್ಲ.

ಬುತ್ತಿ ಕೊಡಲು ಕೈ ಬರಲಿಲ್ಲ. ಅದನ್ನು ಹಿಡಿದುಕೊಂಡೇ ಎದ್ದೆ. ಬಾಗಿಲ ಹತ್ತಿರ ಕಂಡಕ್ಟರ್ ನನ್ನ ಮುಖ ನೋಡಿ, "ಅಯ್ಯ, ನೀನೂ ಪಾಸಿನಾಕೀನ? ಗೊತ್ತಾಗಿದ್ದಿಲ್ಲಲ್ಲ. ಕುಂತಿದ್ರ ಕುಂತಿರ್ತಿದ್ದಿ" ಎಂದ. ಆತನ ದನಿಯಲ್ಲಿ ನಿಜವಾದ ಕನಿಕರವಿತ್ತು.

ಬಸ್ಸು ಹೋಯಿತು. ನಾವು ಇಪ್ಪತ್ತು ಜನ ಬ್ಯಾಡಗಿಯ ಕಡೆ ನಡೆದೆವು. ಎರಡು ತಾಸಿನ ಹಾದಿ. ನಮ್ಮ ಹುಡುಗಿಯರು ಮುಂದೆ ಹೋಗುತ್ತಿದ್ದರು. ಹೆಂಗಸರು ಎರಡೆರಡು ಮೂರುಮೂರು ಜನ ಕೂಡಿ ಮಾತಾಡುತ್ತ ನಡೆದಿದ್ದರು. ನಾನು ಎಲ್ಲರ ಹಿಂದೆ ಉಳಿದೆ. ಎಲ್ಲರ ಹಿಂದೆ ನಡೆಯುವುದು ದೊಡ್ಡವ್ವನ ಜಾಗ, ಹಾಗಾಗಿ ಇಬ್ಬರೂ ಜೊತೆಯಾದೆವು. ಒಂದಿಷ್ಟು ದೂರ ಹೋದ ಮೇಲೆ ನಾನು ಕೇಳಿದೆ:

"ದೊಡ್ಡವ್ವ, ಸಿಟ್ಟು ಬಂದೈತೇನ್ರಿ?"

"ಯಾಕ?"

"ನಾ ಇಳೀಲಿಲ್ಲ."

"ಇಳಿದೆಲ್ಲ."

"ತಡಾ ಆಗಿ ಇಳಿದೆ."

"ಕಿಟಕ್ಯಾಗ ಕುಂತಿದ್ದಿ" ಎಂದಳು, ಅದರಲ್ಲೇ ಎಲ್ಲ ಬಂತು ಎನ್ನುವ ಹಾಗೆ. "ನಿನ್ನ ವಯಸ್ಸಿನ್ಯಾಗ ನನಗ ಕಿಟಕಿ ಸಿಕ್ಕಿದ್ರ ನಾ ಸಂಜೀತನಕ ಇಳೀತಿದ್ದಿಲ್ಲ."

ಇನ್ನೊಂದಿಷ್ಟು ದೂರ ನಡೆದೆವು. ಹೊಲಗಳಲ್ಲಿ ಮೆಣಸಿನಗಿಡಗಳ ಕೊನೆಯ ಕೊಯ್ಲು ನಡೆದಿತ್ತು. ನನಗೆ ತಿಳಿದುಕೊಳ್ಳಬೇಕಾದದ್ದು ಒಂದು ಉಳಿದಿತ್ತು.

"ನೀವು ಯಾಕ ಇಳಿದ್ರಿ? ನಿಮಗ ಕೂಲಿ ಹೋಗ್ತತಿ."

ದೊಡ್ಡವ್ವ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು, ಒಂದು ನಿಮಿಷಕ್ಕಿಂತ ಖಂಡಿತ ಹೆಚ್ಚು.

"ನಿಮ್ಮ ಪುಸ್ತಕಾ ನಮ್ಮ ಚೀಲದಾಗ ಇದ್ದುವಲ್ಲ" ಎಂದಳು.

ಅದು ಆಕೆಯ ನಿಜವಾದ ಕಾರಣವೋ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ.

ಬ್ಯಾಡಗಿ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಹೆಂಗಸರಿಗೆ ಅಂದು ಅರ್ಧ ದಿನದ ಕೆಲಸವೇ ಸಿಕ್ಕಿತು. ಮರುದಿನ ನಾನು ಬಸ್‌ಸ್ಟಾಪಿಗೆ ಬಂದಾಗ ಅಲ್ಲಿ ನಮ್ಮ ನಾಲ್ವರು ಹುಡುಗಿಯರ ಹೊರತು ಯಾರೂ ಇರಲಿಲ್ಲ. ಹೆಂಗಸರು ನಸುಕಿನಲ್ಲೇ ಎದ್ದು ನಡೆದುಕೊಂಡು ಹೋಗಿದ್ದರು. ಇಷ್ಟಕ್ಕೆ ಮುಗಿಯಿತು ಎಂದು ನಾನು ತಿಳಿದಿದ್ದೆ. ನಮ್ಮ ಓಣಿಯ ಹುಡುಗಿ ನನ್ನ ಕಡೆ ನೋಡದೆ, "ನಡೀರಿ, ನಾವೂ ಹೋಗೂಣು" ಎಂದಳು. ನಡೆದೆವು. ಅದರ ಮರುದಿನ ನಾವೂ ನಸುಕಿನಲ್ಲಿ ಎದ್ದು ಅವರನ್ನು ಕೂಡಿಕೊಂಡೆವು. ಒಬ್ಬ ಹೆಂಗಸು ಮಾತ್ರ ಕಾಲುನೋವೆಂದು ಬಸ್ಸಿಗೆ ಹೋದಳು. ದೊಡ್ಡವ್ವ ಅವಳಿಗೆ ಏನೂ ಅನ್ನಲಿಲ್ಲ. ಬ್ಯಾಡಗಿಯಲ್ಲಿ ಅವಳಿಗಾಗಿ ತನ್ನ ಪಕ್ಕದಲ್ಲಿ ಜಾಗ ಹಿಡಿದಿದ್ದಳಂತೆ.

ಎಂಟು ದಿನ ನಡೆದೆವು. ನನ್ನ ಚಪ್ಪಲಿಯ ಉಂಗುಟ ಎರಡು ಸಲ ಕಿತ್ತಿತು. ನಮ್ಮೂರ ಸ್ಟಾಪಿನಲ್ಲಿ ಹತ್ತುವವರಿಲ್ಲದೆ ಕಂಡಕ್ಟರನ ಚೀಲ ಹಗುರಾಯಿತು. ಅದನ್ನು ಯಾರು ಯಾಕೆಂದು ಕೇಳಿದರೋ ಗೊತ್ತಿಲ್ಲ, ಒಂಬತ್ತನೆಯ ದಿನ ದಿನಾ ನಡೆದು ದಣಿದು ತಡವಾಗಿ ಹೊರಟಿದ್ದ ನಮ್ಮನ್ನು ಬಸ್ಸು ದಾರಿಯಲ್ಲಿ ಹಿಂದಿನಿಂದ ಬಂದು ಹಿಡಿಯಿತು. ಹಾದು ಹೋಗದೆ ನಿಂತಿತು. ಡ್ರೈವರೇ ಕಿಟಕಿಯಿಂದ ಬಗ್ಗಿ, "ಬರ್ರಿ ಬೇ, ಸಾಕು" ಎಂದ.

"ಹುಡುಗೂರು?" ಎಂದಳು ದೊಡ್ಡವ್ವ, ಬಸ್ಸಿನ ಗಾಲಿ ನೋಡುತ್ತ.

"ಅವರೂ ಬರ್ಲಿ. ಪುಸ್ತಕಾ ಅವರ ಕೈಯಾಗ ಇರ್ಲಿ."

ಅಂದಿನಿಂದ ಬಸ್ಸು ನಿಂತಿತು. ಮಾತುಕತೆ, ಒಪ್ಪಂದ ಏನೂ ಆಗಲಿಲ್ಲ. ನಿಂತಿತು, ಅಷ್ಟೇ.

ಕಾಲೇಜಿಗೆ ಸುದ್ದಿ ಹೇಗೆ ಮುಟ್ಟಿತೋ ತಿಳಿಯದು. ಮುಟ್ಟುವಾಗ ದಾರಿಯಲ್ಲಿ ಅದರಿಂದ ಹೆಂಗಸರು ಉದುರಿಹೋಗಿದ್ದರು. ಮಾರ್ಚಿನ ಸಮ್ಮೇಳನದಲ್ಲಿ ಪ್ರಾಚಾರ್ಯರು ಮೈಕಿನ ಮುಂದೆ ನಿಂತು, ನಮ್ಮ ವಿದ್ಯಾರ್ಥಿನಿಯರ ಪ್ರತಿನಿಧಿಯು ಗೆಳತಿಯರನ್ನು ಮುನ್ನಡೆಸಿ, ಎಂಟು ದಿನ ಕಾಲ್ನಡಿಗೆಯಲ್ಲಿ ಬಂದು, ಶಾಂತಿಯುತವಾಗಿ ಬಸ್ಸಿನ ಸಮಸ್ಯೆ ಬಗೆಹರಿಸಿದ್ದಾಳೆ ಎಂದು ಹೇಳಿದರು. ನನ್ನನ್ನು ವೇದಿಕೆಗೆ ಕರೆದು ಸೇವಂತಿಗೆಯ ಹಾರ ಹಾಕಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮೂರಿನ ನಾಲ್ವರೂ ತಟ್ಟಿದರು. ಹಾರ ದಪ್ಪಗಿತ್ತು. ಅದರ ಮೇಲಿನಿಂದ ಅವರ ಮುಖ ಸರಿಯಾಗಿ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತು.

ಎರಡು ದಿನ ಕಾದು ಪ್ರಾಚಾರ್ಯರ ಕೋಣೆಗೆ ಹೋದೆ.

"ಸರ್, ಅವತ್ತ ಎಲ್ಲಾರೂ ಇಳಿದ್ರ ನಾ ಇಳಿದಿದ್ದಿಲ್ರಿ. ಬಸ್ಸಿನ್ಯಾಗ ಕುಂತಿದ್ದೆ. ಇಳಿಸಿದಾಕಿ ಕೂಲಿ ಮಾಡೂ ಒಬ್ಬ ಅವ್ವ."

ಅವರು ನಗುತ್ತ ಪಕ್ಕದಲ್ಲಿ ಕುಳಿತಿದ್ದ ಇತಿಹಾಸದ ಸರ್ ಕಡೆ ತಿರುಗಿ, "ನೋಡಿದ್ರೇನ್ರಿ, ಇದಕ್ಕ ವಿನಯ ಅಂತಾರ" ಎಂದರು. ಮುಂದಿನ ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ವಿನಯದ ಬಗ್ಗೆಯೂ ಹೇಳಿದರು.

ನಮ್ಮ ಓಣಿಯ ಹುಡುಗಿಗೆ ಹೇಳಲು ಇನ್ನೂ ಕಷ್ಟವಾಯಿತು. ಸಂಜೆ ಬಸ್ಸಿಗೆ ಕಾಯುವಾಗ, "ಅವತ್ತ ನಾ ಬೇಕಂತನ ಕುಂತಿದ್ದೆ" ಎಂದೆ.

"ಗೊತ್ತೈತಿ" ಎಂದಳು. "ಕೆಳಗ ನಿಂತಾಗ ಕಿಟಕ್ಯಾಗ ಕಾಣ್ತಿದ್ದಿ."

"ಮತ್ತ ಯಾಕ ಯಾರಿಗೂ ಹೇಳ್ಲಿಲ್ಲ?"

"ನಿನಗ ಗೊತ್ತಿತ್ತಲ್ಲ" ಎಂದಳು. ಮುಂದಿನ ವರ್ಷ ಪ್ರತಿನಿಧಿ ಯಾರು ಎಂದು ಕೇಳಿದಾಗ ನಾನು ಅವಳ ಹೆಸರು ಹೇಳಿದೆ. ಅವಳು ಬೇಡವೆಂದು ಬಹಳ ಜಗಳವಾಡಿದಳು, ಆಮೇಲೆ ನನಗಿಂತ ಎಷ್ಟೋ ಚೆನ್ನಾಗಿ ಆ ಕೆಲಸ ಮಾಡಿದಳು. ಹುಡುಗಿಯರಿಗೆ ಒಂದು ಕೋಣೆ, ಅದಕ್ಕೊಂದು ಚಿಲಕ, ಎರಡನ್ನೂ ಮಾಡಿಸಿದಳು.

ಹಾರ ಹಾಕಿಸಿಕೊಂಡ ವರ್ಷವೇ, ಸುಗ್ಗಿ ಮುಗಿಯುವ ಮೊದಲು ಒಂದು ಶನಿವಾರ ಕಾಲೇಜು ಬಿಟ್ಟ ಮೇಲೆ ನಾನು ಹೆಂಗಸರು ಕೆಲಸ ಮಾಡುವ ಜಾಗಕ್ಕೆ ಹೋದೆ. ಒಂದು ದೊಡ್ಡ ತಗಡಿನ ಚಪ್ಪರ. ಒಳಗೆ ಕಾಲಿಟ್ಟ ಕೂಡಲೇ ಆರು ಸಲ ಸೀನಿದೆ. ಕೆಂಪು ರಾಶಿಗಳ ನಡುವೆ ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. ದೊಡ್ಡವ್ವ ನನಗೂ ಒಂದು ಬಟ್ಟೆ ಕೊಟ್ಟು, ಪಕ್ಕದಲ್ಲಿ ಕೂಡಿಸಿಕೊಂಡು, ಬೆರಳಲ್ಲಿ ತುಂಬು ಹೇಗೆ ಮುರಿಯಬೇಕೆಂದು ತೋರಿಸಿದಳು. ಹತ್ತು ಕಾಯಿ ಬಿಡಿಸುವಷ್ಟರಲ್ಲಿ ನನ್ನ ಬೆರಳು ಉರಿಯತೊಡಗಿದವು.

"ದೊಡ್ಡವ್ವ, ಕಾಲೇಜಿನ್ಯಾಗ ಎಲ್ಲಾ ನಾನ ಮಾಡೇನಿ ಅಂತ ಹೇಳಿದ್ರು. ನಾ ಅಲ್ಲಂತ ಅಲ್ಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಆಕೆ ಕೈ ನಿಲ್ಲಿಸಲಿಲ್ಲ. ಮೆಣಸಿನಕಾಯಿ ನೋಡುತ್ತಲೇ ಕೇಳಿದಳು:

"ಹಾರಾ ಹಾಕಿದ್ರೇನು?"

"ಹಾಕಿದ್ರು."

"ಏನ ಹೂವು?"

"ಸ್ಯಾವಂತಿಗಿ."

"ಎಷ್ಟ ಉದ್ದ ಇತ್ತು?"

ನಾನು ಎದೆಯಿಂದ ಮೊಣಕಾಲಿನವರೆಗೆ ತೋರಿಸಿದೆ. ಸುತ್ತಲಿನ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

"ಏನ ಮಾಡ್ದಿ ಅದನ್ನ?"

"ಮನ್ಯಾಗ ದೇವರ ಫೋಟೋಕ್ಕ ಹಾಕಿದೆ. ಒಣಗೇತಿ."

ದೊಡ್ಡವ್ವ ಮೊದಲ ಸಲ ನನ್ನ ಮುಖ ನೋಡಿದಳು. ಆಕೆಗೆ ನಿಜವಾಗಿಯೂ ಬೇಸರವಾಗಿತ್ತು.

"ಇಲ್ಲಿಗೆ ತರಬೇಕಿತ್ತು ಹುಚ್ಚಿ" ಎಂದಳು. "ಅಷ್ಟುದ್ದದ ಹಾರಾ ಅಂದ್ರ ಇಪ್ಪತ್ತೂ ಮಂದಿ ಮುಡ್ಕೋತಿದ್ವಿ."

ಸುತ್ತಲಿನವರೂ ಹೌದು ಎಂದರು. ಆಮೇಲೆ ಸೇವಂತಿಗೆ ಆ ವರ್ಷ ಬಹಳ ತುಟ್ಟಿಯಾಗಿದೆ ಎಂದು ಮಾತು ಬೇರೆ ಕಡೆ ಹೊರಳಿತು. ನಾನು ತಲೆ ತಗ್ಗಿಸಿ ತುಂಬು ಬಿಡಿಸಿದೆ. ನನ್ನ ಮುಂದಿನ ರಾಶಿ ಕರಗುತ್ತ ಬಂದಾಗ ದೊಡ್ಡವ್ವ ಇನ್ನೊಂದು ಬುಟ್ಟಿ ತಂದು ಸುರಿದಳು.